ಅಧ್ಯಕ್ಷರ ತುಲಾಭಾರ

ಸರಪಳಿ ಕಿರ್ರ್ ಅನ್ನುತ್ತಿದೆ, ಎಣ್ಣೆ ಬಿಟ್ಟಿಲ್ಲ, ಹೋದ ವರ್ಷವೂ ಹೇಳಿದ್ದೆ ಎಣ್ಣಿ ಬಿಡ್ರೋ ಅಂತ, ಯಾರು ಕೇಳುತ್ತಾರೆ, ಬಸವ ಜಯಂತಿಯ ಮರುದಿನ ಈ ತಕ್ಕಡಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಮಾರ್ಕೆಟ್ ಯಾರ್ಡಿನ ನಮ್ಮ ಗೋದಾಮಿನ ಮೂಲೆಗೆ ತಳ್ಳಿದರೆ ಮುಂದಿನ ಬಸವ ಜಯಂತಿಗೇ ಅದಕ್ಕೆ ಬೆಳಕು — ಹಲಗೆ ತೊಡೆಗೆ ಒತ್ತುತ್ತಿದೆ, ಮೊದಲು ಒತ್ತುತ್ತಿರಲಿಲ್ಲ, ಮೊದಲು ನಾನು ಕೂತರೆ ಹಲಗೆ ಅಯ್ಯೋ ಅನ್ನುತ್ತಿತ್ತು, ಈಗ ನಾನು ಅನ್ನಬೇಕು, ಅನ್ನುವಂತಿಲ್ಲ, ನಗಬೇಕು, ನಗು ರಾಮಲಿಂಗಪ್ಪ, ಎದುರಿಗೆ ಇಡೀ ಕನ್ನಡ ಬಳಗ ಕೂತಿದೆ, ಪುಣೆಯ ಬಿಬವೇವಾಡಿಯ ಅರ್ಧ ಕನ್ನಡ ಮಂದಿ ಈ ಹಾಲಿನಲ್ಲೇ ಇದ್ದಾರೆ, ಫ್ಯಾನು ತಿರುಗುತ್ತಿದೆ ಗಾಳಿ ಬರುತ್ತಿಲ್ಲ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಮಾಲೆಯ ಕೆಳಗೆ ಜರಿ ಶಾಲು, ಶಾಲಿನ ಕೆಳಗೆ ಅಂಗಿ, ಅಂಗಿಯ ಕೆಳಗೆ — ಅದನ್ನು ನೆನೆಯಬೇಡ, ನೆನೆದರೆ ಕೈ ಅಲ್ಲಿಗೇ ಹೋಗುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಕೈ ಎರಡನ್ನೂ ಸರಪಳಿಯ ಮೇಲಿಡು, ಹಾಂ, ಹಾಗೆ. ಮೈಕಿನಲ್ಲಿ ದಿಗಂಬರ, ಬಳಗದ ಕಾರ್ಯದರ್ಶಿ, ಬಾಯಿ ತೆಗೆದರೆ ಮುಚ್ಚಿಸಲು ಇಬ್ಬರು ಆಳು ಬೇಕು, ನಮ್ಮ ನೆಚ್ಚಿನ ಅಧ್ಯಕ್ಷರು, ಬೆಲ್ಲದ ವ್ಯಾಪಾರಿ, ಬೆಲ್ಲದಂಥಾ ಮನುಷ್ಯಾರು, ದಾನಶೂರರು ಅನ್ನುತ್ತಾನೆ, ಮೈಯೆಲ್ಲ ಉರಿಯುತ್ತದೆ ನನಗೆ ಆ ಮಾತು ಕೇಳಿದರೆ, ದಾನ ಎಲ್ಲಿಂದ ಬಂತೋ, ಇದ್ದದ್ದನ್ನು ಹಂಚಿಕೊಂಡು ಉಣ್ಣುವುದಕ್ಕೆ ನಮ್ಮಲ್ಲಿ ದಾಸೋಹ ಅನ್ನುತ್ತಾರೆ, ಅದರಲ್ಲಿ ಶೂರತನ ಏನು ಬಂತು, ಶೂರ ಆಗಿದ್ದರೆ ನಾನು ಹೀಗೆ ಅಂಗಿಯೊಳಗೆ ಕಬ್ಬಿಣ ತುಂಬಿಕೊಂಡು ಕೂತಿರುತ್ತಿದ್ದೆನೇ.

ಕಬ್ಬಿಣ. ನೆನೆಯಬೇಡ ಅಂದರೆ ಅದೇ ಬಂತು. ತೂಕದ ಕಲ್ಲುಗಳು, ಆರು ಮೂಲೆಯವು, ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದವು, ಸಂಜು ವಿದ್ಯುತ್ ಕಾಟಾ, ಕೆಂಪು ಅಂಕಿಯ ತಕ್ಕಡಿ, ತಂದಮೇಲೆ ಅವುಗಳನ್ನು ಕೇಳುವವರಿಲ್ಲ, ಅಪ್ಪಾ ಇವನ್ನ ಗುಜರಿಗೆ ಹಾಕೋಣೇನು ಅಂತ ಕೇಳಿದ್ದ ಮಗ, ನಾನು ಬೇಡ ಅಂದಿದ್ದೆ, ಇರಲಿ ಬಿಡೋ ಅವು ಅನ್ನ ಹಾಕ್ಯಾವ. ಇವತ್ತು ಮುಂಜಾನೆ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ, ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿ, ನನ್ನದೇ ಅಂಗಡಿಗೆ ನಾನು ಕಳ್ಳ, ಮನೆಯ ಟ್ರಂಕಿನಿಂದ ಕತ್ತಲಲ್ಲಿ ಹರಿದು ತಂದ ಹಳೇ ಬಟ್ಟೆಯಲ್ಲಿ ಒಂದೊಂದು ಕಲ್ಲನ್ನೂ ಸುತ್ತಿ, ಸದ್ದು ಬರಬಾರದಲ್ಲ, ಒಳಅಂಗಿಯ ಕಳ್ಳಕಿಸೆಗಳಲ್ಲಿ ಇಳಿಸಿಕೊಂಡೆ, ಆ ಒಳಅಂಗಿ ಹೊಲಿಸಿದ್ದು ಸಂತೆಯ ರೊಕ್ಕ ಸುರಕ್ಷಿತವಾಗಿ ತರಲಿ ಅಂತ, ಮಹಾಲಿಂಗಪುರದಿಂದ ಈ ಊರಿಗೆ ಬಂದ ಹೊಸತರಲ್ಲಿ ಸೋದರಮಾವ ಹೊಲಿಸಿಕೊಟ್ಟ ಮಾದರಿ, ಎದೆಗೆ ಎರಡು, ಸೊಂಟಕ್ಕೆ ನಾಲ್ಕು ಕಿಸೆ, ಪುಣೆದಾಗ ರೊಕ್ಕ ಮೈಗೆ ಹತ್ತಿರ ಇಟ್ಕೋಬೇಕು ತಮ್ಮಾ ಅಂದಿದ್ದ ಮಾವ, ಅವನಿಗೇನು ಗೊತ್ತು ಅವನ ಅಳಿಯ ಮುಂದೊಂದು ದಿನ ಅದರಲ್ಲಿ ಕಬ್ಬಿಣ ಹೊತ್ತು ಬಸವಣ್ಣನ ಫೋಟೋ ಎದುರು ಕೂರುತ್ತಾನೆ ಅಂತ. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ. ಯಾರ್ಡಿನಲ್ಲಿ ಯಾವನಾದರೂ ತಕ್ಕಡಿಯ ಮುಳ್ಳು ಸರಿಸಿ ರೈತನ ಮಾಲಿಗೆ ತೂಕ ಕಡಿಮೆ ತೋರಿಸಿದರೆ ಕಾಟಾ ಹೊಡೆದ ಅನ್ನುತ್ತಾರೆ, ಹಂಗೆ ಹೊಡೆದವನನ್ನು ನಾನು ವ್ಯಾಪಾರಿಗಳ ಸಂಘದ ಸಭೆಯಲ್ಲಿ ನಿಲ್ಲಿಸಿ ಬೈದಿದ್ದೇನೆ, ಅವನ ಸಂಗಡ ಚಹಾ ಕುಡಿದವನಲ್ಲ, ಈಗ ನಾನೇ, ಈ ವಯಸ್ಸಿನಲ್ಲಿ, ನನ್ನದೇ ಮೈಮೇಲೆ ಕಾಟಾ ಹೊಡೆಯುತ್ತಿದ್ದೇನೆ, ಥೂ ನಿನ್ನ.

ಎಲ್ಲ ಆ ಸುಂದರ ಶೆಟ್ಟರ ಕಿತಾಪತಿ. ಹಾಲ್ ಅವರದು, ಹೋಟೆಲೂ ಅವರದು, ಕುಂದಾಪುರದ ಕಡೆಯವರು, ಹತ್ತು ವರ್ಷದ ಹಿಂದೆ ಇದೇ ಬಸವ ಜಯಂತಿಯ ದಿನ ಊಟಕ್ಕೆ ಕೂತಾಗ ನನ್ನ ಹೊಟ್ಟೆ ನೋಡಿ, ರಾಮಲಿಂಗಪ್ಪನವ್ರೇ, ನಿಮ್ಮನ್ನು ಬೆಲ್ಲದಲ್ಲಿ ತೂಗಿ ಆ ಬೆಲ್ಲ ಆಸ್ಪತ್ರೆ ಬಾಗಿಲಲ್ಲಿ ಇರುವ ಜನಕ್ಕೆ ಹಂಚಿದ್ರೆ ಒಂದು ವಾರ ಪಾನಕ ಆಗ್ತದೆ ಮಾರಾಯ್ರೆ, ನೀವು ದಪ್ಪ ಆದಷ್ಟೂ ಬಡವರಿಗೆ ಲಾಭ, ಹೋಳಿಗೆ ಇನ್ನೊಂದು ಹಾಕಿಸ್ಕೊಳ್ಳಿ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕು ಆಗಲೇಳ್ರಿ ಅಂದೆ, ಮಾತಿಗೆ ಅಂದದ್ದು ಪದ್ಧತಿಯಾಗಿ ಹೋಯಿತು, ಪ್ರತಿ ವರ್ಷ ಅಧ್ಯಕ್ಷರ ತುಲಾಭಾರ, ಪ್ರತಿ ವರ್ಷ ಹೋದ ವರ್ಷಕ್ಕಿಂತ ಒಂದು ಪೆಂಟಿ ಹೆಚ್ಚು, ದೊಡ್ಡ ಗುಂಡಿನ ಬೆಲ್ಲದ ಪೆಂಟಿ ಒಂದೊಂದು ಏರಿದಂತೆ ಹುಡುಗರ ಚಪ್ಪಾಳೆ, ಹೆಂಗಸರ ನಗು, ಶಿವಗಂಗವ್ವಾ ಏನ್ ಹಾಕ್ತಿ ಅವರಿಗೆ ಅಂತ ನನ್ನ ಹೆಂಡತಿಗೆ ಚೇಷ್ಟೆ. ಅದಕ್ಕೊಂದು ನಿಯಮವೂ ಹುಟ್ಟಿಕೊಂಡಿತು, ಯಾರು ಮಾಡಿದರೋ ಏನೋ, ಹೋದ ವರ್ಷದಷ್ಟು ಪೆಂಟಿಗಳನ್ನು ಮೊದಲೇ ತಂದು ವಿಭೂತಿ ಹಚ್ಚಿ ಪೂಜೆ ಮಾಡುವುದು, ಪೂಜೆ ಆದ ಬೆಲ್ಲ ತಕ್ಕಡಿಗೆ ಏರಲೇಬೇಕು, ಏರಿದ್ದು ಇಳಿಯಬಾರದು, ಇಳಿಸಿದರೆ ಮನೆಗೆ ಒಳ್ಳೆಯದಲ್ಲ. ಕಡಿಮೆ ಆಗುತ್ತದೆ ಅಂತ ಯಾರ ತಲೆಯಲ್ಲಿತ್ತು ಆಗ.

ಅಗೋ ಶಿವರುದ್ರಪ್ಪ ಮೊದಲ ಪೆಂಟಿ ಎತ್ತಿದ, ಯಾರ್ಡಿನ ಹಳೇ ಹಮಾಲ, ನನ್ನ ಜೊತೆಗೇ ಕೂದಲು ನೆರೆತವನು, ಇಟ್ಟ, ಎದುರಿನ ಹಲಗೆ ಸ್ವಲ್ಪವೂ ಅಲ್ಲಾಡಲಿಲ್ಲ, ಚಪ್ಪಾಳೆ, ನನ್ನ ಹಲಗೆ ನೆಲಕ್ಕೆ ಅಂಟಿಕೊಂಡಿದೆ, ಭೇಷ್, ಮೇಲೆ ಮುಳ್ಳು ನನ್ನ ಕಡೆಗೇ ವಾಲಿದೆ, ಹಾಗೇ ಇರಪ್ಪ ನೀನು, ಇನ್ನೊಂದು ಅರ್ಧ ತಾಸು ಮಾನ ಕಾಯಿ. ಮುಂದಿನ ಸಾಲಿನಲ್ಲಿ ಸಂಜು, ಪಕ್ಕದಲ್ಲಿ ಸೊಸೆ ಸ್ನೇಹಲ್, ಪುಣೆಯದೇ ಹುಡುಗಿ, ನನ್ನನ್ನೇ ನೋಡುತ್ತಿದ್ದಾಳೆ, ಬಾಬಾ ದೋನ್ ಘಾಸ್ ತರೀ ಖಾ ನಾ ಅಂತ ದಿನಾ ತಟ್ಟೆ ಹಿಡಿದು ನಿಲ್ಲುತ್ತಾಳೆ, ಎರಡು ತುತ್ತಾದರೂ ತಿನ್ನಿ ಅಂತ, ಬೇಡವ್ವಾ ಶೆಟ್ಟರ ಹೋಟೆಲ್‌ನ್ಯಾಗ ತಿಂದು ಬಂದೀನಿ ಅನ್ನುತ್ತೇನೆ, ತಿಂದದ್ದು ಎಲ್ಲಿ, ರೊಟ್ಟಿಯ ಚೂರು ಗಂಟಲು ಇಳಿದರೆ ಹೊಟ್ಟೆಯಲ್ಲಿ ಕಲ್ಲು ಕೂತ ಹಾಗೆ, ಮೊದಲು ಅಸಿಡಿಟಿ ಅಂದುಕೊಂಡೆ, ಜೀರಿಗೆ ಕಷಾಯ, ಇಂಗು, ಮಜ್ಜಿಗೆ, ಕೊನೆಗೆ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ, ಪಾಪ ಎಳೇ ವಯಸ್ಸಿನ ಡಾಕ್ಟರು, ಸ್ಕ್ಯಾನಿನ ಫೋಟೋ ಬೆಳಕಿಗೆ ಹಿಡಿದು ನೋಡಿ, ಕಾಕಾ, ಉಶೀರ್ ಕರೂ ನಕಾ ಅಂದ, ತಡ ಮಾಡಬೇಡಿ, ಮುಂಬೈಗೆ ಹೋಗಿ, ಹೊಟ್ಟೆಯೊಳಗಿನ ಗಂಟು ತೆಗೆಸಬೇಕು, ಆಮೇಲೆ ಔಷಧ ತಿಂಗಳುಗಟ್ಟಲೆ. ಈಗ ತೆಗೆಸಿದರೆ ಬದುಕುತ್ತೀನೇನು ಅಂತ ಕೇಳಿದೆ. ಬಹಳ ಮಂದಿ ಬದುಕಿದ್ದಾರೆ ಅಂದ. ಮಳೆ ಬೀಳುವತನಕ ಬಿಟ್ಟು ತೆಗೆಸಿದರೆ? ಆತ ಕನ್ನಡಕ ತೆಗೆದು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದ, ಮಳೆಗೂ ಇದಕ್ಕೂ ಏನು ಸಂಬಂಧ ಕಾಕಾ.

ಸಂಬಂಧ ಇದೆ, ನಿನಗೆ ಗೊತ್ತಿಲ್ಲ ಡಾಕ್ಟರೇ. ಮಳೆಗೆ ಮುಂಚೆ ಸ್ಲ್ಯಾಬ್ ಬೀಳಬೇಕು. ತಂಗುಮನೆಯ ಸ್ಲ್ಯಾಬ್, ಅದರ ತಾರಸಿ, ಸ್ಟೇಷನ್ ಕಡೆ ದೊಡ್ಡ ಆಸ್ಪತ್ರೆಗೆ ಹತ್ತು ಹೆಜ್ಜೆಯ ಜಾಗ, ನಮ್ಮ ಕಡೆಯಿಂದ, ಬಿಜಾಪುರ ಬಾಗಲಕೋಟೆ ಗುಲ್ಬರ್ಗದಿಂದ ರೋಗಿಯನ್ನು ಕರೆತಂದವರು ರಾತ್ರಿ ಮೈಚಾಚುವುದಕ್ಕೆ ಒಂದು ಸೂರು, ಅಡುಗೆಗೆ ಒಂದು ಒಲೆ, ಹೆಂಗಸರಿಗೆ ಬಾಗಿಲಿರುವ ಸ್ನಾನದ ಮನೆ, ಇಷ್ಟೇ, ಇದರಲ್ಲಿ ಏನು ಶೂರತನ ದಿಗಂಬರ, ಸುಮ್ಮನಿರು. ಯಮನವ್ವ ಹಾಕಿದ ಒಲೆ ಅದು. ಲಾತೂರಿನ ಕಡೆ ಕಿಲ್ಲಾರಿಯಲ್ಲಿ ಭೂಮಿ ನಡುಗಿದ ವರ್ಷ, ಅಲ್ಲಿಗೆ ಲಾರಿಗೆ ಬೆಲ್ಲ ಶೇಂಗಾ ಹೇರಿಸಿ ಕಳಿಸಿ, ಮೈಯೆಲ್ಲ ಧೂಳಾಗಿ, ಜಗತ್ತನ್ನೇ ನಾನು ಎತ್ತಿ ಹಿಡಿದಿದ್ದೇನೆ ಅನ್ನುವ ಸೊಕ್ಕಿನಲ್ಲಿ ಆಸ್ಪತ್ರೆಗೆ ಹೋಗಿದ್ದೆ, ಯಾರನ್ನೋ ನೋಡಲಿಕ್ಕೆ, ಕಾಂಪೌಂಡಿನ ಗೋಡೆಗೆ ಒರಗಿ ಮೂರು ಇಟ್ಟಿಗೆ ಹೂಡಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು, ಟಪ ಟಪ ಟಪ, ಆ ಸದ್ದು ಕೇಳಿ ಕಾಲು ತಾನಾಗಿ ನಿಂತಿತು, ಪುಣೆಯ ಫುಟ್‌ಪಾತಿನಲ್ಲಿ ನಮ್ಮೂರಿನ ಸದ್ದು, ಮುಧೋಳದ ಕಡೆಯಾಕೆ, ಯಮನವ್ವ ಅಂತ ಹೆಸರು, ಗಂಡ ಒಳಗೆ ವಾರ್ಡಿನಲ್ಲಿ, ಒಬ್ಬ ಪೋಲೀಸ ಬಂದು ಬೂಟಿನಿಂದ ಇಟ್ಟಿಗೆ ಒದ್ದ, ಚಲಾ ಉಠಾ, ಹಿಟ್ಟು ಮಣ್ಣಾಯಿತು, ಆಕೆ ಬೈಯಲಿಲ್ಲ ಅಳಲಿಲ್ಲ, ಬೆಂದಿದ್ದ ಒಂದೇ ಒಂದು ರೊಟ್ಟಿಯ ಬೂದಿ ಕೊಡವಿ, ನನ್ನ ಮುಖ ನೋಡಿ, ಅಲ್ರೀ ಅಣ್ಣಾರ, ನಿಂತೇ ಇದ್ದೀರಲ್ಲ, ಹಸದೀರೇನು, ಬರ್ರಿ ಅರ್ಧ ತಿನ್ರಿ ಅಂದಳು. ನನಗೆ. ಲಾರಿಗಟ್ಟಲೆ ಕಳಿಸಿದವನಿಗೆ. ತಿಂದೆ. ನಾಚಿಕೆಯಾಯಿತು, ಆದರೂ ತಿಂದೆ, ಬೇಡ ಅಂದಿದ್ದರೆ ಆಕೆಯ ಮಾನ ಹೋಗುತ್ತಿತ್ತು. ಅವತ್ತೇ ಮನಸ್ಸಿನಲ್ಲಿ ಗೋಡೆ ಎದ್ದಿತು, ಆಮೇಲೆ ಬಾಡಿಗೆ ಕೋಣೆ ಹಿಡಿದೆ, ಮಾಲೀಕ ಬಿಡಿಸಿದ, ಇನ್ನೊಂದು ಹಿಡಿದೆ, ನೆರೆಯವರು ಜಗಳ ತೆಗೆದರು, ರೋಗಿಗಳ ಕಡೆಯವರಂತ ಹೇಳಿ, ರೋಗ ಬರ್ತದಂತ ಹೇಳಿ, ಮೂರನೆಯದು ಹಿಡಿಯಲಿಲ್ಲ, ಸ್ವಂತ ಗೋಡೆಯೇ ಎಬ್ಬಿಸುತ್ತೇನೆ ಅಂದೆ, ಅಂದದ್ದನ್ನು ಬಿಟ್ಟವನಲ್ಲ ನಾನು.

ಆದರೆ ಒಬ್ಬನ ರೊಕ್ಕದಲ್ಲಿ ಏಳುವ ಗೋಡೆಯಲ್ಲ ಅದು, ಸರಳು ಒಬ್ಬರದು, ಸಿಮೆಂಟು ಒಬ್ಬರದು, ನೆಲದ ಫರಸಿಕಲ್ಲು ಇನ್ನೊಬ್ಬರದು, ಎಲ್ಲರ ಮಾತೂ ಒಂದೇ, ರಾಮಲಿಂಗಪ್ಪ ನಿಂತ್ರ ನಾವು ಕೊಡ್ತೀವಿ, ನಿಂತ್ರ, ಅದೊಂದು ಶಬ್ದದ ಮೇಲೆ ನಿಂತಿದೆ ಇಡೀ ಕಟ್ಟಡ, ಇವರಿಗೆ ಗಂಟಿನ ಸುದ್ದಿ ಹೋದರೆ ಪಾಪ ಅನ್ನುತ್ತಾರೆ, ಹಣ್ಣು ತರುತ್ತಾರೆ, ಸರಳು ತರುವುದಿಲ್ಲ, ಮುದುಕ ಹೋದರೆ ಮುಗಿಸುವವರು ಯಾರು ಅಂತ ಕಾಯುತ್ತಾರೆ, ಮನುಷ್ಯರಲ್ಲವೇ, ತಪ್ಪಿಲ್ಲ ಅವರದು, ಊರ ಹೊರಗಿನ ವಾಕಡದಲ್ಲಿ ಕಣ್ಣಾರೆ ಕಂಡಿದ್ದಾರಲ್ಲ, ನನಗಿಂತ ಹಿಂದಿನ ಅಧ್ಯಕ್ಷರು ಬಳಗಕ್ಕೊಂದು ಸಭಾಭವನ ಅಂತ ಕಂಬ ಎಬ್ಬಿಸಿದರು, ಕಂಬ ಎದ್ದಿತು ಅವರು ಮಣ್ಣಲ್ಲಿ ಮಲಗಿದರು, ಆಗ ಅಲ್ಲಿ ಜೋಳದ ಹೊಲ, ಈಗ ಸುತ್ತ ಕಂಪ್ಯೂಟರ್ ಹುಡುಗರ ಹತ್ತಂತಸ್ತಿನ ಮನೆಗಳು, ನಡುವೆ ನಮ್ಮ ಕಂಬಗಳು, ತಲೆಯ ಮೇಲೆ ತುಕ್ಕು ಹಿಡಿದ ಸರಳು, ವಾಚ್‌ಮನ್‌ಗಳು ಅದಕ್ಕೆ ಹಗ್ಗ ಕಟ್ಟಿ ಅರಿವೆ ಒಣಹಾಕುತ್ತಾರೆ, ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ಮುಖ ತಿರುಗಿಸುತ್ತೇನೆ. ಇಲ್ಲ. ತಂಗುಮನೆಯ ಸರಳಿಗೆ ಅರಿವೆ ಒಣಹಾಕಲು ಬಿಡುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು, ಮೇ ತಿಂಗಳು ಇದೆ, ಸ್ಲ್ಯಾಬ್ ಬಿದ್ದ ಮಾರನೇ ದಿನ ನಾನೇ ಎದ್ದು ಮುಂಬೈಗೆ ಹೋಗುತ್ತೇನೆ, ಕೊಯ್ಯಲಿ, ಗಂಟನ್ನಾದರೂ ತೆಗೆಯಲಿ ನನ್ನನ್ನಾದರೂ ತೆಗೆಯಲಿ, ಅಲ್ಲಿಯತನಕ ಈ ಮೈ ಹೋದ ವರ್ಷದ ಮೈಯಾಗಿಯೇ ಕಾಣಬೇಕು, ಎಲ್ಲರಿಗೂ, ಶಿವಗಂಗೆಗೆ ಎಲ್ಲರಿಗಿಂತ ಮೊದಲು, ಆಕೆಗೆ ಗೊತ್ತಾದರೆ ಸಂಜುವಿಗೆ ಗೊತ್ತಾಯಿತು, ಸಂಜುವಿಗೆ ಗೊತ್ತಾದರೆ ನಾಳೆಯೇ ಕೆಲಸ ಬಂದ್, ಮೊದಲ ನೀವು ಅಪ್ಪಾ, ಆಮ್ಯಾಲ ಕಟ್ಟಡ, ಅವನು ಒಳ್ಳೆಯ ಮಗ, ಅದೇ ತೊಂದರೆ.

ಬಂದರು ಶೆಟ್ಟರು, ಕೈಯಲ್ಲಿ ಇನ್ನೊಂದು ಮಾಲೆ, ಬೇಡ್ರಿ ಬೇಡ್ರಿ ದೂರದಿಂದಲೇ ಹಾಕ್ರಿ, ಕೇಳುವ ಪೈಕಿಯೇ ಅವರು, ಬಗ್ಗಿ ಅಪ್ಪಿಕೊಂಡೇ ಬಿಟ್ಟರು, ಅವರ ಎದೆಗೆ ನನ್ನ ಕಿಸೆ ಟಣ್ ಅಂತ ತಾಗಿತು, ಅಥವಾ ನನಗೆ ಮಾತ್ರ ಕೇಳಿಸಿತೋ, ಅವರ ಹುಬ್ಬು ಏರಿತು, ಎಂತದು ಮಾರಾಯ್ರೆ ಒಳಗೆ, ಕವಚ ಉಂಟಾ, ಯುದ್ಧಕ್ಕೆ ಹೊರಟದ್ದಾ? ದೊಡ್ಡ ಲಿಂಗದ ಕರಡಿಗೆ ಶೆಟ್ಟರೇ, ಅಜ್ಜನ ಕಾಲದ್ದು, ಬೆಳ್ಳೀದು, ಇವತ್ತ ಹಬ್ಬ ಅಂತ ಕಟ್ಕೊಂಡೀನಿ — ಸುಳ್ಳು ಸರಾಗವಾಗಿ ಬಂತು, ಬಸವಣ್ಣನ ಫೋಟೋ ಎದುರಿಗೇ ಬಂತು, ಲಿಂಗದ ಹೆಸರಿನಲ್ಲೇ ಬಂತು, ಇರಲಿ, ಈ ಲೆಕ್ಕ ಮೇಲೆ ಹೋದಮೇಲೆ ಕೊಡುತ್ತೇನೆ. ಶೆಟ್ಟರು ನಕ್ಕು ಹೋದರು. ಪೆಂಟಿಯ ಮೇಲೆ ಪೆಂಟಿ ಏರುತ್ತಿದೆ, ಬೆಲ್ಲದ ವಾಸನೆ ಬಂತು, ಹೊಸ ಬೆಲ್ಲ, ಆಲೆಮನೆಯ ಕಾವು ಇನ್ನೂ ಅದರೊಳಗೆ ಇರುವ ಹಾಗೆ, ಎಷ್ಟು ಇಷ್ಟ ಇತ್ತು ಈ ವಾಸನೆ, ಈಗ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಮುಚ್ಚುವಂತಿಲ್ಲ, ನಗು, ಮೈಕಿನಲ್ಲಿ ದಿಗಂಬರ ಎಣಿಸುತ್ತಿದ್ದಾನೆ, ಹುಡುಗರು ಜೊತೆಗೆ ಕೂಗುತ್ತಿದ್ದಾರೆ, ಮೇಲೆ ಮುಳ್ಳು ಸಣ್ಣಗೆ ನಡುಗಿತು, ಇನ್ನೂ ಇಷ್ಟು ಬೇಗ ನಡುಗಬಾರದಲ್ಲ, ಕೆಳಗೆ ಪೂಜೆ ಮಾಡಿದ ಪೆಂಟಿಗಳು ಇನ್ನೂ ಉಳಿದಿವೆ, ತಡಿಯಪ್ಪ, ಇನ್ನೊಂದು ಇಟ್ಟ, ಮುಳ್ಳು ನಡುವಿಗೆ ಬಂತು, ನನ್ನ ಹಲಗೆ ನೆಲ ಬಿಟ್ಟಿತು, ಪಾದದ ಕೆಳಗೆ ಗಾಳಿ. ಲೆಕ್ಕ ತಪ್ಪಿದೆ. ಎಲ್ಲಿ ತಪ್ಪಿತು, ಲಾರಿಯ ಮೇಲಿನ ಚೀಲವನ್ನು ಕೆಳಗೆ ನಿಂತು ನೋಡಿ ತೂಕ ಹೇಳುವವನು ನಾನು, ಯಾರ್ಡಿನಲ್ಲಿ ಪಂಥ ಕಟ್ಟುತ್ತಿದ್ದರು ನನ್ನ ಕಣ್ಣಿನ ಮೇಲೆ, ನನ್ನ ಮೈಯ ತೂಕ ನನಗೆ ತಿಳಿಯಲಿಲ್ಲ, ಅಂಗಡಿಯಲ್ಲಿ ಸಂಜುವಿನ ಕಾಟಾ ಕಣ್ಣೆದುರಿಗೇ ಇತ್ತು, ಡಾಕ್ಟರ ಕಡೆಯಿಂದ ಬಂದ ದಿನದಿಂದ ಅದರ ಮೇಲೆ ಕಾಲಿಡಲಿಲ್ಲ, ಕೆಂಪು ಅಂಕಿ ಏನು ಹೇಳುತ್ತದೋ ಅಂತ, ಹೆದರಿದೆ, ಹೌದು ಹೆದರಿದೆ, ಅಂದಾಜಿನ ಮೇಲೆ ಕಬ್ಬಿಣ ತುಂಬಿದೆ, ಅಂದಾಜು ಹಳೇ ರಾಮಲಿಂಗಪ್ಪನದು, ಹಲಗೆಯ ಮೇಲೆ ಕೂತವನು ಬೇರೆ.

ಶಿವರುದ್ರಪ್ಪ ಮತ್ತೊಂದು ಪೆಂಟಿ ಎತ್ತಿ ನಿಂತುಬಿಟ್ಟ, ನನ್ನ ಮುಖ ನೋಡುತ್ತಿದ್ದಾನೆ, ಏನ್ ಮಾಡ್ಲಿ ಸಾವ್ಕಾರ್ರ ಅಂತ ಕಣ್ಣಲ್ಲೇ, ಇಡೋ ಅಂದೆ, ಇನ್ನೇನು ಅನ್ನಲಿ, ಪೂಜೆ ಆದದ್ದು ಏರಲೇಬೇಕು, ಇಟ್ಟ, ಒಮ್ಮೆಲೇ ನಾನು ಮೇಲೆ, ಬಾವಿಯಿಂದ ಖಾಲಿ ಕೊಡ ಎದ್ದಂತೆ ಎದ್ದೆ, ಸರಪಳಿ ಹಿಡಿದ ಕೈ ಜಾರಿತು, ಒಳಗೆ ಕಲ್ಲಿಗೆ ಕಲ್ಲು ತಾಗಿ ಸದ್ದಾಯಿತು, ಕಾಲು ತೂಗಾಡುತ್ತಿದೆ, ಚಪ್ಪಾಳೆ ಅರ್ಧಕ್ಕೆ ನಿಂತಿತು, ಎಣಿಸುತ್ತಿದ್ದ ದಿಗಂಬರನ ಬಾಯಿ ಮುಚ್ಚಿತು, ಇಷ್ಟು ವರ್ಷ ಯಾರಿಂದಲೂ ಆಗದ್ದು ಇವತ್ತು ಆಯಿತು ನೋಡು. ಯಾರೋ ಹಿಂದಿನಿಂದ ಭಾಳ ಇಳದಾರಲ್ಲೋ ಅಂದದ್ದು ಸ್ಪಷ್ಟ ಕೇಳಿಸಿತು. ಎರಡನೇ ಸಾಲಿನಲ್ಲಿ ಸರಳಿನ ವ್ಯಾಪಾರಿ ಪಕ್ಕದವನ ಕಿವಿಗೆ ಬಗ್ಗಿದ, ಹೋಯಿತು, ಸರಳು ಹೋಯಿತು, ಒಂದೆರಡು ಪೆಂಟಿ ಇಳಿಸಿದರೆ ಹೆಂಗ್ರಿ ಅಂದ ಒಬ್ಬ, ಇಳಿಸಬಾರದೋ ತಮ್ಮಾ ಅಂದಳು ಯಾರದೋ ಅಜ್ಜಿ, ಸಂಜು ಕುರ್ಚಿ ಬಿಟ್ಟು ಎದ್ದ, ಅವನ ಮುಖ ನೋಡಲಾರೆ, ಮುಳ್ಳು ನೋಡು, ಮುಳ್ಳು ಬೆಲ್ಲದ ಕಡೆಗೆ ವಾಲಿ ನಿಂತಿದೆ, ಎಷ್ಟು ನಿಷ್ಠುರ ಅದು, ನಲವತ್ತು ವರ್ಷ ಇದೇ ನಿಷ್ಠುರತನದ ಮೇಲೆ ಅನ್ನ ಉಂಡವನು ನಾನು, ಈಗ ಅದರ ಕೈಕಾಲು ಹಿಡಿಯಬೇಕು ಅನ್ನಿಸುತ್ತಿದೆ, ಏನಾದರೂ ಹೇಳು ರಾಮಲಿಂಗಪ್ಪ, ತಮಾಷೆ ಮಾಡು, ಏನೇ ಆಗಲಿ ಸ್ಲ್ಯಾಬ್ ಬಿಡುವುದಿಲ್ಲ, ಮನೆ ಮಾರಿಯಾದರೂ, ಹೆಗಲ ಮೇಲೆ ಜಲ್ಲಿ ಹೊತ್ತಾದರೂ —

ದಾರಿ ಬಿಡ್ರಿ ಒಂಚೂರು. ಶಿವಗಂಗೆಯ ದನಿ. ಆರತಿ ತಟ್ಟೆಯನ್ನು ಸ್ನೇಹಲಳ ಕೈಗೆ ಕೊಟ್ಟು ಬರುತ್ತಿದ್ದಾಳೆ, ಆಕೆಗೆ ಅವಸರ ಅನ್ನುವುದೇ ಇಲ್ಲ, ಮನೆಯಲ್ಲಿ ಹಾಲು ಉಕ್ಕಿದರೂ ಹೀಗೇ ನಡೆಯುತ್ತಾಳೆ, ಮೈಕಿನ ಹತ್ತಿರ ಕೂಡ ಹೋಗದವಳು ದಿಗಂಬರನ ಕೈಯಿಂದ ಮೈಕು ತೆಗೆದುಕೊಂಡಳು, ಏನ್ ಎಲ್ಲಾರೂ ಬಾಯಿ ತಕ್ಕೊಂಡು ನೋಡಾಕ್ಹತ್ತೀರಿ? ಹತ್ತು ವರ್ಷ ಆತು, ವರ್ಷಾ ಇವರನ್ನೊಬ್ಬರನ್ನ ತೂಗ್ತೀರಿ, ಇವರು ಊರಿಗೆ ಹಂಚಿ ಬರೂತನಕ ಮನಿಯಾಗ ಒಲಿ ಕಾಯ್ದಾಕಿ ನಾನು, ನನ್ನ ತೂಕ ಯಾರರೆ ಕೇಳೀರೇನು? ಹೆಂಗಸರ ಕಡೆಯಿಂದ ನಗು ಎದ್ದಿತು. ಹಾಕಿದ ಬೆಲ್ಲಾ ಇಳಸೂದು ಬ್ಯಾಡ. ಈ ವರ್ಷ ಇಬ್ಬರನ್ನೂ ಕೂಡೇ ತೂಗ್ರಿ. ತಂಗುಮನಿ ಕಟ್ಟೂದ್ರಾಗೂ ಇನ್ನ ಇಬ್ಬರೂ ನಿಂತೀವಿ, ಸ್ಲ್ಯಾಬಿನ ದಿವಸ ನಾನ ಅಲ್ಲಿ ಇರ್ತೀನಿ, ಸರಳು ಕೊಡ್ತೀನಿ ಅಂದವರು ನನ್ನ ಕೈಯಾಗ ಕೊಡ್ರಿ, ನಾ ಇವರಂಗ ಮೆತ್ತಗಿಲ್ಲ, ಮನಿತನಾ ಬಂದು ವಸೂಲಿ ಮಾಡಾಕಿ. ಈಗ ಎಲ್ಲರೂ ನಕ್ಕರು, ಶೆಟ್ಟರು ಜೋರಾಗಿ ಚಪ್ಪಾಳೆ ತಟ್ಟಿದರು, ಸರಳಿನ ವ್ಯಾಪಾರಿ ಎದ್ದು ನಿಂತು ವೈನಿ, ನಾಳೆಯೇ ಗಾಡಿ ಕಳಸ್ತೀನಿ, ಮನಿಗೆ ಮಾತ್ರ ಬರಬ್ಯಾಡ್ರಿ ಅಂದ, ಮತ್ತೆ ನಗು, ನನಗೆ ಏನು ನಡೆಯುತ್ತಿದೆ ತಿಳಿಯುತ್ತಿಲ್ಲ, ಆಕೆ ಮೈಕು ಕೊಟ್ಟು ನನ್ನ ಹಲಗೆಯ ತುದಿ ಹಿಡಿದು ಬಗ್ಗಿಸಿದಳು, ಸರೀರಿ ಅತ್ತಾಗ ಅಂದಳು, ಬಸ್ಸಿನಲ್ಲಿ ಅನ್ನುವಂತೆ, ಸರಿದೆ, ಕೂತಳು, ಹಲಗೆ ಧಡ್ ಅಂತ ನೆಲ ಮುಟ್ಟಿತು.

ಬಿಡ್ರೋ ಇನ್ನೂ ಪೆಂಟಿ ತರ್ರಿ, ಕೂಗಾಟ, ಹುಡುಗರು ಓಡಿದರು, ಶಿವರುದ್ರಪ್ಪನಿಗೆ ಜೀವ ಬಂತು, ಬೆಲ್ಲ ಏರುತ್ತಿದೆ, ದಿಗಂಬರ ಮತ್ತೆ ಎಣಿಸುತ್ತಿದ್ದಾನೆ, ಆಕೆಯ ತೋಳು ನನ್ನ ತೋಳಿಗೆ ಒತ್ತಿಕೊಂಡಿದೆ, ಮದುವೆಯ ಹಲಗೆಯ ಮೇಲೆ ಹೀಗೆ ಕೂತದ್ದು, ಆಮೇಲೆ ನಾಲ್ಕು ಮಂದಿಯ ಎದುರು ಕೂತೇ ಇಲ್ಲ, ಮುಖ ಜನರ ಕಡೆಗೆ, ತುಟಿ ಅಲ್ಲಾಡದಂತೆ ಮಾತು, ಹರಿಯಾಕ ನಿಮಗ ನನ್ನ ಇಳಕಲ್ ಸೀರೀನ ಸಿಕ್ತೇನು? ಯಾವ ಸೀರಿ? ಯಾವ ಸೀರಿ ಅಂತ ಕೇಳ್ತೀರಿ, ಕಲ್ಲು ಸುತ್ತೀರಲ್ಲ, ನನ್ನ ತವರಿನವರು ಕೊಟ್ಟದ್ದು, ಹಳೇ ಅರಿವಿ ಅಂತ ತಿಳದೀರಿ, ಮುಂಜಾನೆ ಟ್ರಂಕಿನ್ಯಾಗ ಅರ್ಧಾ ಸೀರಿ ಕಂಡೆ, ಈಗ ನಿಮ್ಮ ಅಂಗಿಯಾಗ ಕಲ್ಲಿನ ಸದ್ದು ಕೇಳಿದೆ. ಶಿವಗಂಗಾ — ಸುಮ್ಮನಿರ್ರಿ, ನಗ್ರಿ, ಮಂದಿ ನೋಡಾಕ್ಹತ್ಯಾರ. ನಿಮ್ಮ ಅಂಗಿ ಒಗಿಯಾಕಿ ನಾನು, ಕಾಲರ್ ಎಷ್ಟು ಸಡ್ಲ ಆತು ನನಗ ಗೊತ್ತಾಗೂದಿಲ್ಲೇನು, ಕಿಸೇದಾಗ ಡಾಕ್ಟರ ಚೀಟಿ ಸಿಕ್ತು, ಹೋದ ವಾರ ಸ್ನೇಹಲಗ ಕರಕೊಂಡು ಡಾಕ್ಟರ ಕಡೆ ಹೋಗಿ ಬಂದೀನಿ, ಎಲ್ಲಾ ಹೇಳ್ಯಾನ ಆ ಹುಡುಗ. ಎ‌ಲ್ಲಾ ಅಂದರೆ. ಎಲ್ಲಾ. ನಾಡಿದ್ದು ಮುಂಬೈ, ಸಂಜುಗ ಇವತ್ತ ಮನೀಗೆ ಹೋಗಿ ಹೇಳ್ತೀನಿ. ಸ್ಲ್ಯಾಬ್ ಬಿದ್ದ ಮ್ಯಾಲ ಹೋಗ್ತೀನಿ, ನನ್ನ ಮಾತು ಕೇಳು, ಒಂದು ತಿಂಗಳು. ಒಂದು ದಿವಸಾನೂ ಇಲ್ಲ, ಸ್ಲ್ಯಾಬ್ ನಾ ಹಾಕಸ್ತೀನಿ ಅಂತ ಇಷ್ಟು ಮಂದಿ ಮುಂದ ಹೇಳೀನಿ, ನಿಮಗೊಬ್ಬರಿಗೇ ಅಂದದ್ದು ನಡಸೂ ಹಟ ಅದ ಅಂತ ಮಾಡೀರೇನು? ದನಿಯಲ್ಲಿ ನಗುವಿದೆ, ಆದರೆ ತೋಳು ನನ್ನ ತೋಳನ್ನು ಬಿಡುತ್ತಿಲ್ಲ, ಈಗ ಗೊತ್ತಾಯಿತು ನನಗೆ, ಆಕೆ ವಾರದಿಂದ ಇದನ್ನು ಹೊತ್ತು ರೊಟ್ಟಿ ಬಡಿದಿದ್ದಾಳೆ.

ಕೊಡ್ರಿ ಇತ್ತಾಗ ಅಂದಳು. ಏನು? ಸೆರಗನ್ನು ತೊಡೆಯ ಮೇಲೆ ಹರಡಿ ಉಡಿ ಮಾಡಿದ್ದಾಳೆ, ಅಕ್ಕಿ ಕೊಬ್ಬರಿ ಹಾಕಿಸಿಕೊಳ್ಳುವಾಗ ಹಿಡಿಯುತ್ತಾರಲ್ಲ ಹಾಗೆ, ನನ್ನ ಶಾಲಿನ ಮರೆಯಲ್ಲಿ ಆಕೆಯ ಕೈ ಅಂಗಿಯೊಳಗೆ ಬಂತು, ಬೆವರಿದ ಎಲುಬಿಗೆ ಬೆರಳು ತಾಗಿತು, ಒಂದು ಗಳಿಗೆ ಅಲ್ಲೇ ನಿಂತಿತು, ಎಲುಬನ್ನು ತಡವಿತು, ಆಮೇಲೆ ಕಿಸೆ ಹುಡುಕಿತು, ಒಂದು ಕಲ್ಲು ಬಂತು, ಸೀರೆಯ ಚೂರಿನಲ್ಲಿ ಸುತ್ತಿದ್ದು, ಉಡಿಗೆ ಬಿತ್ತು, ಸದ್ದಿಲ್ಲ, ನಾನು ಗಾಬರಿಯಿಂದ ಮೇಲೆ ನೋಡಿದೆ, ಮುಳ್ಳು ಅಲುಗಲಿಲ್ಲ, ಹೇಗೆ ಅಲುಗೀತು, ಇಬ್ಬರೂ ಒಂದೇ ಹಲಗೆಯ ಮೇಲೆ, ನನ್ನ ಕಿಸೆಯಲ್ಲಿದ್ದರೂ ಅಷ್ಟೇ ಆಕೆಯ ಉಡಿಯಲ್ಲಿದ್ದರೂ ಅಷ್ಟೇ, ತೂಕದ ಮನುಷ್ಯ ಇದನ್ನು ಹೇಗೆ ಮರೆತೆ, ಇನ್ನೊಂದು ಬಂತು, ಎದೆ ಹಗುರವಾಯಿತು, ಮತ್ತೊಂದು, ಎಲ್ಲರೂ ಬೆಲ್ಲ ಎಣಿಸುತ್ತಿದ್ದಾರೆ, ಯಾರೂ ಇತ್ತ ನೋಡುತ್ತಿಲ್ಲ, ಕೊನೆಯ ಕಲ್ಲನ್ನು ನಾನು ಕಿಸೆಯ ಮೇಲಿನಿಂದ ಹಿಡಿದುಕೊಂಡೆ, ಇದೊಂದು ಇರಲಿ ಅಂದೆ, ಯಾಕ ಅಂದಳು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬಿಟ್ಟೆ, ಮೈಕು ಏನೋ ಕೂಗುತ್ತಿದೆ, ಜೈಕಾರ, ಹೂವು ಬೀಳುತ್ತಿವೆ, ಒಂದು ಹೂವು ಉಡಿಯೊಳಗೆ ಬಿತ್ತು, ಕಬ್ಬಿಣದ ಮೇಲೆ, ಆಕೆ ಸೆರಗು ಮಡಚಿದಳು, ಎರಡೂ ಕೈಯಿಂದ ಎತ್ತಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು, ಹಸಿರು ಬಳೆ, ಜಗ್ಗುತ್ತಿರುವ ಉಡಿ, ಅದರೊಳಗೆ ನನ್ನ ಕಬ್ಬಿಣ, ಆಕೆಯ ಉಡಿಯಲ್ಲಿ, ನಾಡಿದ್ದು ಮುಂಬೈ ಗಾಡಿ ಎಷ್ಟಕ್ಕ ಅಂತ ಕೇಳಿದೆ.